ಅಲಂಕಾರಿಕ ಗಿಡಗಳಿಗೆ ಅಂತರ್ವ್ಯಾಪಿ ಶಿಲೀಂಧ್ರನಾಶಕ: ಸಿಂಪಡಿಸುವ ಮುನ್ನ ತಿಳಿದಿರಬೇಕಾದುದು

ಮುಂಗಾರು ಕಾಲಿಟ್ಟು ಕೆಲವು ವಾರಗಳು ಕಳೆಯುವಷ್ಟರಲ್ಲಿ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಮನೆಯಂಗಳದ ಗುಲಾಬಿ ಎಲೆಗಳ ಮೇಲೆ ಕಪ್ಪು ಚುಕ್ಕೆಗಳು ಮೂಡತೊಡಗುತ್ತವೆ. ಚುಕ್ಕೆಯ ಸುತ್ತ ಎಲೆ ಹಳದಿಯಾಗುತ್ತದೆ, ಉದುರುತ್ತದೆ, ತಿಂಗಳೊಪ್ಪತ್ತಿನಲ್ಲಿ ಗಿಡ ಬರಿಯ ಕಡ್ಡಿಯಾಗಿ ನಿಲ್ಲುತ್ತದೆ. ಮಳೆ ಹಿಂದೆ ಸರಿದು ನವೆಂಬರಿನ ಚಳಿ ಆರಂಭವಾದೊಡನೆ ಅದೇ ಗಿಡದ ಚಿಗುರಿನ ಮೇಲೆ ಹಿಟ್ಟು ಉದುರಿಸಿದಂತೆ ಬೂದಿ ರೋಗ ಕಾಣಿಸಿಕೊಳ್ಳುತ್ತದೆ. ಕೆಂಗೇರಿ ಉಪನಗರದ ಕೈತೋಟಗಳಲ್ಲಿ ಸೇವಂತಿಗೆಯ ಎಲೆಗೆ ಕಂದು ಮಚ್ಚೆ, ದೇವಕಣಗಿಲೆಯ ಎಲೆಯಡಿಗೆ ಕಿತ್ತಳೆ ಬಣ್ಣದ ತುಕ್ಕು. ರೋಗ ಹಿಡಿದ ಎಲೆಯೊಂದನ್ನು ಕಿತ್ತು ಔಷಧದ ಅಂಗಡಿಗೆ ಒಯ್ದರೆ ಕೈಗೆ ಬರುವುದು ಸಾಮಾನ್ಯವಾಗಿ ಒಂದು ಬಿಳಿಯ ಪುಡಿಯ ಪೊಟ್ಟಣ: ಕಾರ್ಬೆಂಡೈಜಿಂ. ಜನರ ಬಾಯಲ್ಲಿ ಅದು 'ಬಾವಿಸ್ಟಿನ್'.

ಈ ಔಷಧ ಮತ್ತು ಇದರ ಜಾತಿಯ ಇತರ ಔಷಧಗಳು ಗುಣ ಕಾಣಿಸುತ್ತವೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇವು ಎಲೆಯ ಮೇಲೆ ಕುಳಿತು ಕೆಲಸ ಮಾಡುವಂಥವಲ್ಲ; ಗಿಡದ ಒಳಗೆ ಸೇರಿಕೊಳ್ಳುವಂಥವು. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಹೋಗುವುದಿಲ್ಲ. ಗುಲಾಬಿಯ ಮಗ್ಗುಲಲ್ಲಿ ತುಳಸಿ, ತುಳಸಿಯ ಮಗ್ಗುಲಲ್ಲಿ ದೊಡ್ಡಪತ್ರೆ, ಕುಂಡಗಳ ನಡುವೆ ನೀರಿನ ಸಂಪಿನ ಮುಚ್ಚಳ ಇರುವ ಮೂವತ್ತು-ನಲವತ್ತರ ನಿವೇಶನಗಳಲ್ಲಿ ಈ ಒಂದು ಗುಣವೇ ಎಲ್ಲ ಎಚ್ಚರಿಕೆಗಳಿಗೂ ಮೂಲ.

ಹೊರಗಿನ ಲೇಪ, ಒಳಗಿನ ಮದ್ದು

ಶಿಲೀಂಧ್ರನಾಶಕಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಮೊದಲನೆಯದು ಸ್ಪರ್ಶ ಶಿಲೀಂಧ್ರನಾಶಕ. ಮಲೆನಾಡಿನ ಅಡಿಕೆ ತೋಟಗಳನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಈ ವರ್ಗದ ಹಿರಿಯಣ್ಣ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಸಿಸಿ, ಈ ದ್ರಾವಣದ ಸಿಂಪಡಣೆಯನ್ನು ನಮ್ಮ ತೋಟಗಳಲ್ಲಿ ರೂಢಿಗೆ ತರಲು ಕಾರಣರಾದರು. ಗೊನೆಯ ಮೇಲೆ ಲೇಪವಾಗಿ ನಿಂತು ಶಿಲೀಂಧ್ರದ ಬೀಜಕಣ ಮೊಳೆಯದಂತೆ ತಡೆಯುವುದು ಇದರ ರೀತಿ. ಮಳೆಗೆ ಲೇಪ ತೊಳೆದುಹೋದರೆ ಮತ್ತೆ ಸಿಂಪಡಿಸಬೇಕು. ಮ್ಯಾಂಕೋಜೆಬ್, ತಾಮ್ರದ ಆಕ್ಸಿಕ್ಲೋರೈಡ್, ನೀರಿನಲ್ಲಿ ಕರಗುವ ಗಂಧಕ ಇವೆಲ್ಲ ಇದೇ ಸಾಲಿನವು.

ಎರಡನೆಯದು ಅಂತರ್ವ್ಯಾಪಿ. 1960ರ ದಶಕದ ಉತ್ತರಾರ್ಧದಲ್ಲಿ ಕಾರ್ಬಾಕ್ಸಿನ್, ಬೆನೊಮಿಲ್ ಮುಂತಾದವುಗಳೊಂದಿಗೆ ಈ ಯುಗ ಆರಂಭವಾಯಿತು. ಎಲೆ ಅಥವಾ ಬೇರಿನ ಮೂಲಕ ಒಳಹೊಕ್ಕು, ಗಿಡದ ನೀರು ಸಾಗಿಸುವ ನಾಳಗಳಲ್ಲಿ ಸಂಚರಿಸಿ, ಒಳಗೆ ಬೇರೂರಿದ ಶಿಲೀಂಧ್ರವನ್ನೂ ಇವು ತಲುಪಬಲ್ಲವು. ಕಾರ್ಬೆಂಡೈಜಿಂ, ಥಯೋಫನೇಟ್ ಮೀಥೈಲ್, ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್, ಡೈಫೆನೊಕೊನಜೋಲ್, ಮೆಟಲಾಕ್ಸಿಲ್, ಅಜಾಕ್ಸಿಸ್ಟ್ರೋಬಿನ್ ಇವು ಅಂಗಡಿಗಳಲ್ಲಿ ದೊರೆಯುವ ಪ್ರಮುಖ ಹೆಸರುಗಳು.

ಅಂತರ್ವ್ಯಾಪಿ ಎಂದೊಡನೆ ಒಂದು ಎಲೆಗೆ ತಾಗಿಸಿದರೆ ಇಡೀ ಗಿಡಕ್ಕೆ ಹರಡುತ್ತದೆ ಎಂಬ ಭಾವನೆ ಅನೇಕರಲ್ಲಿದೆ. ಅದು ತಪ್ಪು. ಇವುಗಳಲ್ಲಿ ಹೆಚ್ಚಿನವು ನೀರಿನ ಜತೆಗೆ ಮೇಲ್ಮುಖವಾಗಿ ಮಾತ್ರ ಸಾಗುತ್ತವೆ. ಮೇಲಿನ ಎಲೆಗೆ ಸಿಂಪಡಿಸಿದ್ದು ಬೇರಿಗೆ ಇಳಿಯುವುದಿಲ್ಲ, ಕೆಳಗಿನ ಎಲೆಗೂ ಬರುವುದಿಲ್ಲ. ಎರಡೂ ದಿಕ್ಕಿನಲ್ಲಿ ಚಲಿಸುವ ಫೋಸೆಟೈಲ್ ಅಲ್ಯೂಮಿನಿಯಂ ಇದಕ್ಕೆ ಅಪವಾದ. ಬುಡಕ್ಕೆ ಸುರಿದ ಔಷಧ ಮಾತ್ರ ಬೇರಿನಿಂದ ಮೇಲೇರಿ ಹೊಸ ಚಿಗುರನ್ನು ತಲುಪುತ್ತದೆ. ಹೀಗಾಗಿ ಸುರಿದ ದಿನ ಹುಟ್ಟಿರದ ಎಲೆಯಲ್ಲೂ ಆಮೇಲೆ ಔಷಧ ಇರಬಹುದು. ಇದನ್ನು ಮರೆಯದಿರುವುದು ಮುಖ್ಯ.

ಹಸಿರು ತ್ರಿಕೋನ ಏನನ್ನು ಹೇಳುತ್ತದೆ

1968ರ ಕೀಟನಾಶಕ ಕಾಯಿದೆಯ ಪರಿಭಾಷೆಯಲ್ಲಿ ಶಿಲೀಂಧ್ರನಾಶಕವೂ ಕೀಟನಾಶಕವೇ. ಪ್ರತಿಯೊಂದು ಪೊಟ್ಟಣದ ಮೇಲೂ ವಜ್ರಾಕೃತಿಯ ಚೌಕವೊಂದರ ಕೆಳಭಾಗದಲ್ಲಿ ಬಣ್ಣದ ತ್ರಿಕೋನ ಇರಬೇಕೆಂಬುದು ನಿಯಮ. ಕೆಂಪು ಅತಿ ವಿಷಕಾರಿ, ಹಳದಿ ಹೆಚ್ಚು ವಿಷಕಾರಿ, ನೀಲಿ ಸಾಧಾರಣ, ಹಸಿರು ಅಲ್ಪ. ಪ್ರಯೋಗಾಲಯದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು ದೇಹದ ತೂಕದ ಪ್ರತಿ ಕಿಲೋಗೆ ಎಷ್ಟು ಮಿಲಿಗ್ರಾಂ ಹೊಟ್ಟೆಗೆ ಹೋಗಬೇಕು ಎಂಬುದು ಇದರ ಅಳತೆಗೋಲು. 50ರವರೆಗೆ ಕೆಂಪು, 500ರವರೆಗೆ ಹಳದಿ, 5000ದವರೆಗೆ ನೀಲಿ, ಅದಕ್ಕೂ ಮೇಲ್ಪಟ್ಟರೆ ಹಸಿರು. ಕಾರ್ಬೆಂಡೈಜಿಂ ಹಸಿರು ವರ್ಗದ್ದು; ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್‌ಗಳು ನೀಲಿಯವು.

ಹಸಿರು ಕಂಡೊಡನೆ ಮನಸ್ಸು ಹಗುರವಾಗುವುದು ಸಹಜ. ಆದರೆ ಈ ತ್ರಿಕೋನ ಅಳೆಯುವುದು ಒಮ್ಮೆಲೇ ನುಂಗಿದರೆ ಆಗುವ ತತ್‌ಕ್ಷಣದ ವಿಷವನ್ನು ಮಾತ್ರ. ಸ್ವಲ್ಪಸ್ವಲ್ಪವಾಗಿ, ಬಹುಕಾಲ ದೇಹ ಸೇರಿದರೆ ಏನಾದೀತು ಎಂಬುದನ್ನು ಅದು ಹೇಳುವುದಿಲ್ಲ. ಇದೇ ಕಾರ್ಬೆಂಡೈಜಿಂ ಅನ್ನು ಐರೋಪ್ಯ ಒಕ್ಕೂಟವು ವಂಶವಾಹಿಗೆ ಹಾನಿ ಮಾಡಬಹುದಾದ, ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಹುದಾದ ರಾಸಾಯನಿಕಗಳ ಸಾಲಿಗೆ ಸೇರಿಸಿದೆ. ಅಲ್ಲಿ ಬೆಳೆಗಳ ಮೇಲಿನ ಬಳಕೆಗೆ ಇದ್ದ ಅನುಮತಿ 2014ರಲ್ಲಿ ಮುಗಿಯಿತು. ಭಾರತದಲ್ಲಿ 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 27 ಕೀಟನಾಶಕಗಳ ನಿಷೇಧದ ಕರಡಿನಲ್ಲಿ ಕಾರ್ಬೆಂಡೈಜಿಂ ಇತ್ತು. 2023ರ ಅಂತಿಮ ಆದೇಶದ ನಿಷೇಧದ ಪಟ್ಟಿಯಲ್ಲಿ ಇರಲಿಲ್ಲ. ಕಾನೂನಿನ ಪ್ರಕಾರ ಅದರ ಬಳಕೆ ತಪ್ಪಲ್ಲ. ಗರ್ಭಿಣಿಯರು, ಗರ್ಭ ಧರಿಸುವ ನಿರೀಕ್ಷೆಯಲ್ಲಿರುವವರು ಮತ್ತು ಮಕ್ಕಳು ಮಾತ್ರ ಅದರ ಪುಡಿಯನ್ನು ಮುಟ್ಟದಿರುವುದೇ ಲೇಸು.

ಹಳೆಯ ತೋಟಗಾರಿಕೆ ಪುಸ್ತಕಗಳನ್ನು ನಂಬಿ ಅಂಗಡಿಗೆ ಹೋಗುವವರಿಗೂ ಒಂದು ಮಾತು ಹೇಳಬೇಕಾಗಿದೆ. ಗುಲಾಬಿಯ ಬೂದಿ ರೋಗಕ್ಕೆ ಅವುಗಳಲ್ಲಿ ಕಾಣುವ 'ಕ್ಯಾರಥೇನ್' ಎಂಬುದು ಡೈನೋಕ್ಯಾಪ್. ಅದು 2023ರಲ್ಲಿ ನಿಷೇಧಕ್ಕೊಳಗಾಯಿತು. 'ಕ್ಯಾಲಿಕ್ಸಿನ್' ಎಂಬುದು ಟ್ರೈಡೆಮಾರ್ಫ್. ಅದೂ, 'ಬೆನ್‌ಲೇಟ್' ಎಂದು ಹೆಸರಾಗಿದ್ದ ಬೆನೊಮಿಲ್ ಕೂಡ 2018ರ ಆದೇಶದಲ್ಲಿ ನಿಷೇಧಗೊಂಡವು. ಗ್ಯಾರೇಜಿನ ಅಟ್ಟದಲ್ಲಿ ಇವುಗಳ ಹಳೆಯ ಸೀಸೆ ಸಿಕ್ಕಿದರೆ ಬಳಸಕೂಡದು.

ಬೆನ್‌ಲೇಟ್‌ನ ಕಥೆ ಅಲಂಕಾರಿಕ ಗಿಡ ಬೆಳೆಯುವವರಿಗೆ ವಿಶೇಷವಾಗಿ ತಿಳಿದಿರಬೇಕು. ಅಮೆರಿಕದ ಫ್ಲಾರಿಡಾ ಮುಂತಾದೆಡೆಯ ನರ್ಸರಿಗಳವರು ಈ ಔಷಧದ ಒಂದು ರೂಪದಿಂದ ತಮ್ಮ ಅಲಂಕಾರಿಕ ಗಿಡಗಳೇ ಹಾಳಾದವೆಂದು ದೂರಿದ್ದರು. 1991ರಲ್ಲಿ ಡುಪಾಂಟ್ ಕಂಪನಿ ಆ ರೂಪವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ವ್ಯಾಜ್ಯಗಳು ವರ್ಷಗಟ್ಟಲೆ ನಡೆದವು. 2001ರಲ್ಲಿ ಕಂಪನಿ ಅದರ ಮಾರಾಟವನ್ನೇ ಕೈಬಿಡುವುದಾಗಿ ಘೋಷಿಸಿತು. ಗಿಡದ ಒಳಗೆ ಬೆನೊಮಿಲ್ ಕರಗಿ ಪರಿವರ್ತನೆಯಾಗುವುದು ಕಾರ್ಬೆಂಡೈಜಿಂ ಆಗಿಯೇ ಎಂಬುದು ಇಲ್ಲಿ ಸೇರಿಸಬೇಕಾದ ಸಂಗತಿ.

ಇನ್ನೊಂದು ವಿಚಾರ ಅನೇಕರ ಗಮನಕ್ಕೆ ಬಂದಿಲ್ಲ. ಕೀಟನಾಶಕ ಕಾಯಿದೆಯ 38ನೇ ಕಲಮು, ಸ್ವಂತ ಮನೆಬಳಕೆಗೆ ಮತ್ತು ಕೈತೋಟಕ್ಕೆ ಕೀಟನಾಶಕ ಬಳಸುವವರನ್ನು ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಮಾರುವವನಿಗೆ ಪರವಾನಗಿ ಬೇಕು, ಲೇಬಲ್ ಬೇಕು. ಮನೆಯ ಮಹಡಿಯಲ್ಲಿ ಸಿಂಪಡಿಸುವವರ ಬಳಿ ಯಾವ ನಿರೀಕ್ಷಕರೂ ಬಂದು ಕೇಳುವುದಿಲ್ಲ. ಅಲ್ಲಿ ಎಚ್ಚರ ವಹಿಸುವ ಹೊಣೆ ಮನೆಯವರದೇ.

ಅಲಂಕಾರಿಕ ಎಂಬುದು ಬರಿಯ ಹೆಸರು

ಔಷಧದ ಲೇಬಲ್‌ಗಳು ಆಹಾರದ ಬೆಳೆ ಬೇರೆ, ಅಲಂಕಾರಿಕ ಗಿಡ ಬೇರೆ ಎಂದು ಭಾವಿಸಿ ಬರೆದವು. ಆಹಾರದ ಬೆಳೆಗಾದರೆ ಕೊನೆಯ ಸಿಂಪಡಣೆಯಾಗಿ ಇಷ್ಟು ದಿನ ಬಿಟ್ಟು ಕೊಯ್ಯಬೇಕೆಂಬ ಅವಧಿ ನಮೂದಾಗಿರುತ್ತದೆ. ಅಲಂಕಾರಿಕ ಗಿಡಗಳಿಗೆ ಸಾಮಾನ್ಯವಾಗಿ ಅಂಥ ಅವಧಿ ಇರುವುದಿಲ್ಲ, ಏಕೆಂದರೆ ಅವನ್ನು ಯಾರೂ ತಿನ್ನುವುದಿಲ್ಲ ಎಂಬುದು ಅಲ್ಲಿನ ಗ್ರಹಿಕೆ.

ನಮ್ಮ ಮನೆಗಳ ರೀತಿ ಹಾಗಿಲ್ಲ. ನಾಟಿ ಗುಲಾಬಿಯ ದಳಗಳು ಗುಲ್ಕಂದಾಗುತ್ತವೆ. ದಾಸವಾಳದ ಎಲೆ ಮತ್ತು ಹೂವು ತಲೆಗೆ ಹಚ್ಚುವ ಎಣ್ಣೆಗೆ ಬೀಳುತ್ತವೆ. ತುಳಸಿಯ ದಳ ತೀರ್ಥದೊಂದಿಗೆ ಬಾಯಿಗೆ ಹೋಗುತ್ತದೆ. ಕೆಮ್ಮಿದ ಮಗುವಿಗೆ ದೊಡ್ಡಪತ್ರೆಯ ರಸ, ಊಟಕ್ಕೆ ಒಂದೆಲಗದ ತಂಬುಳಿ, ಒಗ್ಗರಣೆಗೆ ಕರಿಬೇವು, ಊಟದ ನಂತರ ಕಾಂಪೌಂಡಿಗೆ ಹಬ್ಬಿಸಿದ ಬಳ್ಳಿಯಿಂದ ವೀಳ್ಯದೆಲೆ. ಇವೆಲ್ಲ ಇರುವುದು ಗುಲಾಬಿ ಕುಂಡದಿಂದ ಒಂದು ಮೊಳ ದೂರದಲ್ಲಿ. ಸಾಲದೆಂಬಂತೆ ಎಲೆಚುಕ್ಕೆ ರೋಗ ಉಲ್ಬಣಿಸುವ ಶ್ರಾವಣ, ಭಾದ್ರಪದಗಳೇ ವರಮಹಾಲಕ್ಷ್ಮಿ ವ್ರತ ಮತ್ತು ಗೌರಿ-ಗಣೇಶ ಹಬ್ಬದ ಕಾಲ. ಮನೆಯ ಹೂವು, ಪತ್ರೆಗಳಿಗೆ ಕೈಹಾಕುವ ವಾರದಲ್ಲೇ ಔಷಧದ ನೆನಪೂ ಆಗುವುದು.

ಆದ್ದರಿಂದ ಮೊದಲು ಮಾಡಬೇಕಾದ ಕೆಲಸ ಕುಂಡಗಳನ್ನು ಬೇರ್ಪಡಿಸುವುದು. ಬಾಯಿಗೆ ಹೋಗುವ ಗಿಡಗಳೆಲ್ಲ ಒಂದು ಕಡೆ, ಕಣ್ಣಿಗೆ ಮಾತ್ರ ಬೇಕಾದವು ಇನ್ನೊಂದು ಕಡೆ, ಗಾಳಿ ಬೀಸುವ ದಿಕ್ಕನ್ನು ಗಮನಿಸಿ ಇರಿಸಬೇಕು. ಸಿಂಪಡಿಸಿದ ಗಿಡಕ್ಕೆ ಕೆಂಪು ದಾರ ಕಟ್ಟಿ ದಿನಾಂಕ ಬರೆದಿಡುವುದು ಸರಳ ಉಪಾಯ. ಊರಿನಿಂದ ಬಂದ ಅಜ್ಜಿಗೂ, ಮನೆಗೆಲಸದವರಿಗೂ ಅದು ತಿಳಿಯುತ್ತದೆ. ದಾರ ಕಟ್ಟಿದ ಗಿಡದ ಹೂವು ದೇವರ ಪಟಕ್ಕೆ ಏರಲಿ, ತೀರ್ಥದ ಬಟ್ಟಲಿಗೆ ಬೇಡ. ಗುಲ್ಕಂದಿಗಾಗಿಯೇ ಗುಲಾಬಿ ಬೆಳೆಸುವವರು ಆ ಗಿಡಕ್ಕೆ ಅಂತರ್ವ್ಯಾಪಿ ಔಷಧವನ್ನು ಮುಟ್ಟಿಸದಿರಬೇಕು. ತುಳಸಿಗಂತೂ ಯಾವ ಕಾರಣಕ್ಕೂ ಬೇಡ. ರೋಗ ಹತ್ತಿದ ತುಳಸಿಯನ್ನು ಕಿತ್ತು ಹೊಸ ಸಸಿ ನೆಡುವುದಕ್ಕೆ ತಗಲುವ ಖರ್ಚು ಔಷಧದ ಖರ್ಚಿಗಿಂತ ಕಡಿಮೆ.

ಬೀದಿಯ ಹಸುಗಳ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಕತ್ತರಿಸಿದ ಕೊಂಬೆ, ಎಲೆಗಳನ್ನು ಗೇಟಿನ ಹೊರಗೆ ಹಸುವಿಗೆ ಹಾಕುವ ರೂಢಿ ವಿಜಯನಗರ, ಬಸವೇಶ್ವರನಗರಗಳಲ್ಲಿ ಇನ್ನೂ ಉಳಿದಿದೆ. ಔಷಧ ಕಂಡ ಗಿಡದ ಸೊಪ್ಪನ್ನು ಹಾಗೆ ಹಾಕುವುದು ಪುಣ್ಯದ ಕೆಲಸವಲ್ಲ. ಮನೆಯ ಗೊಬ್ಬರದ ಡಬ್ಬಿಗೂ ಅದನ್ನು ಸೇರಿಸಬಾರದು. ಕಾರ್ಬೆಂಡೈಜಿಂ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲದು; ಎರೆಹುಳುವಿಗೆ ಅದು ವಿಷ.

ಎಲ್ಲ ಕಲೆಯೂ ರೋಗವಲ್ಲ

ಮನೆಗಳಲ್ಲಿ ಬಳಕೆಯಾಗುವ ಶಿಲೀಂಧ್ರನಾಶಕದ ಒಂದು ಪಾಲು ಶಿಲೀಂಧ್ರವೇ ಇಲ್ಲದ ಗಿಡಗಳ ಮೇಲೆ ಬೀಳುತ್ತದೆ. ದಾಸವಾಳದ ತುದಿಯಲ್ಲಿ ಹತ್ತಿಯಂತೆ ಅಂಟಿದ್ದು ಹಿಟ್ಟು ತಿಗಣೆ, ಅದು ಕೀಟ. ಗುಲಾಬಿಯ ಚಿಗುರು ಮುರುಟಿದ್ದರೆ ಥ್ರಿಪ್ಸ್ ನುಸಿಯನ್ನು, ಎಲೆಯಡಿ ನವಿರಾದ ಬಲೆ ಕಂಡರೆ ಕೆಂಪು ನುಸಿಯನ್ನು ಶಂಕಿಸಬೇಕು. ಯಾವ ಶಿಲೀಂಧ್ರನಾಶಕಕ್ಕೂ ಇವು ಜಗ್ಗುವುದಿಲ್ಲ. ಗಂಧಕ ಮಾತ್ರ ನುಸಿಯನ್ನು ಸ್ವಲ್ಪ ಹದ್ದುಬಸ್ತಿನಲ್ಲಿ ಇಡುತ್ತದೆ.

ಬೆಂಗಳೂರಿಗೇ ವಿಶೇಷವಾದ ಎರಡು ಭ್ರಮೆಗಳಿವೆ, ಎರಡಕ್ಕೂ ಕೊಳವೆಬಾವಿಯ ಗಡಸು ನೀರೇ ಕಾರಣ. ಆ ನೀರನ್ನು ಎಲೆಯ ಮೇಲೆ ಚಿಮುಕಿಸಿದರೆ ಒಣಗಿದ ಮೇಲೆ ಬಿಳಿಯ ಸುಣ್ಣದ ಕಲೆ ಉಳಿಯುತ್ತದೆ. ಅದನ್ನು ಬೂದಿ ರೋಗವೆಂದು ಭಾವಿಸಿ ಔಷಧ ತರುವವರಿದ್ದಾರೆ. ಬೆರಳಿನಿಂದ ಒರೆಸಿ ನೋಡಬೇಕು. ಬೂದಿ ರೋಗವಾದರೆ ಮೆತ್ತನೆಯ ಪುಡಿ ಬೆರಳಿಗೆ ಅಂಟುತ್ತದೆ; ಸುಣ್ಣದ ಕಲೆ ಸುಲಭವಾಗಿ ಬಿಡುವುದಿಲ್ಲ. ಎರಡನೆಯದಾಗಿ, ಕ್ಷಾರ ಹೆಚ್ಚಿದ ಮಣ್ಣಿನಲ್ಲಿ ಕಬ್ಬಿಣಾಂಶ ಗಿಡಕ್ಕೆ ಸಿಕ್ಕದೆ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇದು ಕೊರತೆ, ರೋಗವಲ್ಲ.

ಶಿಲೀಂಧ್ರವೇ ಎಂದು ಖಚಿತವಾದ ಮೇಲೂ ಯಾವ ಗುಂಪಿನದು ಎಂದು ನೋಡಬೇಕು. ಗುಲಾಬಿಯ ಕಪ್ಪು ಚುಕ್ಕೆ, ಬೂದಿ ರೋಗ, ಅಕ್ಟೋಬರಿನ ಚಾಟನಿಯ ನಂತರ ಕತ್ತರಿಸಿದ ತುದಿಯಿಂದ ಕೆಳಕ್ಕೆ ಒಣಗುತ್ತ ಬರುವ ರೋಗ, ಸೇವಂತಿಗೆಯ ಎಲೆಚುಕ್ಕೆ ಇವು ಕಾರ್ಬೆಂಡೈಜಿಂ ಅಥವಾ ಹೆಕ್ಸಾಕೊನಜೋಲ್ ವರ್ಗದ ಔಷಧಗಳಿಗೆ ಸ್ಪಂದಿಸುತ್ತವೆ. ತುಕ್ಕು ರೋಗಕ್ಕೆ ಪ್ರೊಪಿಕೊನಜೋಲ್, ಹೆಕ್ಸಾಕೊನಜೋಲ್‌ಗಳು ಹೆಚ್ಚು ಸೂಕ್ತ. ಆದರೆ ಜರ್ಬೆರಾದ ಬುಡ ಕೊಳೆಯುವುದಕ್ಕೆ, ಬೀಜದ ತಟ್ಟೆಯಲ್ಲಿ ಸಸಿಗಳು ಒಂದೇ ರಾತ್ರಿಯಲ್ಲಿ ಬಾಗಿ ಬೀಳುವುದಕ್ಕೆ ಹಲವು ಬಾರಿ ಕಾರಣವಾಗುವ ಫೈಟೋಫ್ತೊರಾ, ಪಿಥಿಯಂಗಳು ಬೇರೆಯದೇ ವಂಶದವು. ಅವುಗಳ ಮೇಲೆ ಕಾರ್ಬೆಂಡೈಜಿಂ ಏನೂ ಮಾಡಲಾರದು. ಅಲ್ಲಿ ಮೆಟಲಾಕ್ಸಿಲ್ ಮಿಶ್ರಣ ಅಥವಾ ಫೋಸೆಟೈಲ್ ಬೇಕು. ಅದಕ್ಕೂ ಮೊದಲು ಕುಂಡದ ತಳದ ರಂಧ್ರ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ನೀರು ನಿಂತ ಕುಂಡದಲ್ಲಿ ಯಾವ ಔಷಧವೂ ಗಿಡವನ್ನು ಉಳಿಸಲಾರದು.

ನೂರು ಗ್ರಾಂ ಪೊಟ್ಟಣದ ಸಮಸ್ಯೆ

ಕಾರ್ಬೆಂಡೈಜಿಂ ಶೇ 50ರ ಪುಡಿಯ ಸಾಮಾನ್ಯ ಪ್ರಮಾಣ ಲೀಟರ್ ನೀರಿಗೆ 1 ಗ್ರಾಂ. ಹೆಕ್ಸಾಕೊನಜೋಲ್ ಶೇ 5, ಪ್ರೊಪಿಕೊನಜೋಲ್ ಶೇ 25 ದ್ರಾವಣಗಳು ಲೀಟರಿಗೆ 1 ಮಿಲಿ ಲೀಟರ್. ಡೈಫೆನೊಕೊನಜೋಲ್ ಅರ್ಧ ಮಿಲಿ ಲೀಟರ್. ಮೆಟಲಾಕ್ಸಿಲ್-ಮ್ಯಾಂಕೋಜೆಬ್ ಮಿಶ್ರಣ 2 ಗ್ರಾಂ. ಪೊಟ್ಟಣದ ಮೇಲೆ ಬೇರೆ ಪ್ರಮಾಣ ಇದ್ದರೆ ಅದೇ ಅಂತಿಮ.

ಮಧ್ಯಮ ಗಾತ್ರದ ಹತ್ತು ಹನ್ನೆರಡು ಕುಂಡಗಳಿಗೆ ಒಂದು ಲೀಟರ್ ಸಾಕು. ಅಂದರೆ ನೂರು ಗ್ರಾಂ ಪೊಟ್ಟಣವೊಂದು ನೂರು ಲೀಟರಿಗೆ ಬರುತ್ತದೆ. ಅವಧಿ ಮುಗಿಯುವುದರೊಳಗೆ ಅದನ್ನು ಖಾಲಿ ಮಾಡಲು ಸಾಮಾನ್ಯ ಮನೆಯವರಿಂದ ಆಗದು. ಆಗ ನಡೆಯುವುದು ಹಂಚಿಕೆ. ಎದುರು ಮನೆಗೆ ಎರಡು ಚಮಚ ಕಾಗದದಲ್ಲಿ, ಅತ್ತಿಗೆಗೆ ಸ್ವಲ್ಪ ಖಾಲಿ ಔಷಧಿ ಡಬ್ಬಿಯಲ್ಲಿ. ಹೆಸರಿಲ್ಲದ ಬಿಳಿಯ ಪುಡಿ ಅಡುಗೆಮನೆಯ ಕಪಾಟು ಸೇರುವುದು ಹೀಗೆ. ಸೋಡಾಪುಡಿ, ಮೈದಾ, ಅಕ್ಕಿಹಿಟ್ಟಿನ ನಡುವೆ ಅದಕ್ಕೆ ಜಾಗ ಸಿಗುವುದಕ್ಕಿಂತ ದೊಡ್ಡ ಅಪಾಯ ಮತ್ತೊಂದಿಲ್ಲ. ಹಂಚಿಕೊಳ್ಳಲೇಬೇಕಾದರೆ ಪುಡಿಯನ್ನಲ್ಲ, ಖರ್ಚನ್ನು ಹಂಚಿಕೊಳ್ಳಬೇಕು: ಪೊಟ್ಟಣ ಒಬ್ಬರ ಮನೆಯಲ್ಲೇ, ಬೀಗ ಹಾಕಿದ ಜಾಗದಲ್ಲಿರಲಿ, ನಾಲ್ಕು ಮನೆಯವರು ಒಂದೇ ದಿನ ಕಲಸಿ ಬಳಸಲಿ. ಪೊಟ್ಟಣದೊಳಗಿನ ಮಡಿಸಿದ ಕಾಗದವನ್ನು ಎಸೆಯಬಾರದು. ಅಕ್ಷರ ಎಷ್ಟೇ ಸಣ್ಣದಿರಲಿ, ವಿಷಬಾಧೆಯಾದರೆ ವೈದ್ಯರಿಗೆ ಬೇಕಾಗುವ ವಿವರ ಅದರಲ್ಲಿರುತ್ತದೆ.

ಅಳತೆಗೆ ಅಡುಗೆಮನೆಯ ಚಮಚ ಬೇಡ. ಚಹಾ ಚಮಚವೊಂದು ತಲೆ ತಟ್ಟಿ ತುಂಬಿದರೂ ಎರಡು ಮೂರು ಗ್ರಾಂ ಪುಡಿ ಹಿಡಿಯುತ್ತದೆ. ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ದ್ರವಕ್ಕೆ ಸೂಜಿ ತೆಗೆದ 2 ಮಿಲಿ ಲೀಟರಿನ ಸಿರಿಂಜು ಇವೆರಡನ್ನು ಇದಕ್ಕೆಂದೇ ಮೀಸಲಿಡಬೇಕು. ಹೆಚ್ಚು ಹಾಕಿದರೆ ಬೇಗ ಗುಣವಾಗುತ್ತದೆ ಎಂಬ ಎಣಿಕೆ ಇಲ್ಲಿ ತಿರುಗುಬಾಣ. ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್‌ಗಳು ಸೇರುವ ಟ್ರಯಜೋಲ್ ಕುಟುಂಬದಲ್ಲೇ ಮಾವಿನ ಮರದ ಬೆಳವಣಿಗೆ ತಡೆಯಲು ಬಳಸುವ ಪ್ಯಾಕ್ಲೊಬ್ಯುಟ್ರಜೋಲ್ ಕೂಡ ಇದೆ. ಪ್ರಮಾಣ ಮೀರಿದರೆ ಈ ಔಷಧಗಳೂ ಗಿಡವನ್ನು ಕುಳ್ಳಾಗಿಸಿ, ಎಲೆಯನ್ನು ಸಣ್ಣದಾಗಿ, ಕಡುಹಸಿರಾಗಿ ಮಾಡುತ್ತವೆ. ಕಲಸಲು ಕಾವೇರಿ ನೀರು ಅಥವಾ ಹಿಡಿದಿಟ್ಟ ಮಳೆನೀರು ಒಳ್ಳೆಯದು. ಕ್ಷಾರದ ನೀರಿನಲ್ಲಿ ಕೆಲವು ಔಷಧಗಳು ಬೇಗ ಸತ್ವ ಕಳೆದುಕೊಳ್ಳುತ್ತವೆ.

ಸಂಪು, ಟ್ಯಾಂಕು, ಮಳೆನೀರಿನ ಕೊಳವೆ

ಪಶ್ಚಿಮ ಬೆಂಗಳೂರಿನ ಮನೆಗಳಲ್ಲಿ ಸಿಂಪಡಣೆಯ ಅತಿ ದೊಡ್ಡ ಅಪಾಯ ಗಿಡದ ಬಳಿ ಇಲ್ಲ, ನೀರಿನ ಬಳಿ ಇದೆ. ಕಾವೇರಿ ನೀರು ತುಂಬುವ ಸಂಪು ಬಹುತೇಕ ಮನೆಗಳಲ್ಲಿ ಗೇಟಿನ ಒಳಗೆ, ಕುಂಡಗಳ ಸಾಲಿನಲ್ಲೇ ಇರುತ್ತದೆ. ಅದರ ಮುಚ್ಚಳದ ಅಂಚು ಸೀಳಿದ್ದರೆ ಸಿಂಪಡಿಸಿದ ನೀರು ನೇರವಾಗಿ ಕುಡಿಯುವ ನೀರಿಗೆ ಇಳಿಯುತ್ತದೆ. ಮಹಡಿಯಲ್ಲಾದರೆ ಮೇಲಿನ ಟ್ಯಾಂಕಿನ ಮುಚ್ಚಳದ ಕಥೆಯೂ ಅಷ್ಟೇ. ಸಂಪಿನಿಂದ ದೂರಕ್ಕೆ, ತೊಳೆನೀರು ಅತ್ತ ಹರಿಯದ ಕಡೆಗೆ ಕುಂಡಗಳನ್ನು ಒಯ್ದು ಸಿಂಪಡಿಸುವುದು ಒಂದೇ ದಾರಿ. ಎತ್ತಲಾಗದ ಕುಂಡವಾದರೆ ಮುಚ್ಚಳದ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು.

2009ರ ತಿದ್ದುಪಡಿಯ ಮೂಲಕ ಜಲಮಂಡಳಿಯು ಅರವತ್ತು-ನಲವತ್ತರ ಮತ್ತು ಅದಕ್ಕೂ ದೊಡ್ಡ ನಿವೇಶನಗಳ ಹಳೆಯ ಮನೆಗಳಿಗೂ ಮಳೆನೀರು ಕೊಯ್ಲನ್ನು ಕಡ್ಡಾಯಗೊಳಿಸಿತು. ರಾಜಾಜಿನಗರದ ಹಳೆಯ ದೊಡ್ಡ ನಿವೇಶನಗಳು ಈ ಸಾಲಿನವು. ನೀರು ಉಳಿಸುವ ದೃಷ್ಟಿಯಿಂದ ಒಳ್ಳೆಯ ವ್ಯವಸ್ಥೆ. ಆದರೆ ಮಹಡಿಯ ಮೇಲೆ ಸಿಂಪಡಿಸಿದ ಔಷಧವೂ ಅದೇ ಕೊಳವೆಯ ಹಾದಿ ಹಿಡಿಯುತ್ತದೆ. ಮಹಡಿಯ ನೀರು ಸಂಪಿಗೆ ಸೇರುವ ಮನೆಯಲ್ಲಿ ಮಳೆಗಾಲದಲ್ಲಿ ಮಹಡಿಯ ಮೇಲೆ ಅಂತರ್ವ್ಯಾಪಿ ಔಷಧವನ್ನು ಸಿಂಪಡಿಸದಿರುವುದೇ ಕ್ಷೇಮ. ತೀರ ಅಗತ್ಯವಾದರೆ ಕೊಳವೆಯನ್ನು ಹೊರಕ್ಕೆ ತಿರುಗಿಸಿ, ಒಂದೆರಡು ಜೋರು ಮಳೆ ಕಳೆದ ಮೇಲೆ ಮತ್ತೆ ಜೋಡಿಸಬೇಕು.

ಎರಡು ಮನೆಗಳ ನಡುವೆ ಒಬ್ಬರು ಅಡ್ಡವಾಗಿ ನಡೆಯುವಷ್ಟೇ ಜಾಗವಿರುವ ಬಡಾವಣೆಗಳಲ್ಲಿ ಪಕ್ಕದ ಮನೆಯ ಕಿಟಕಿ, ಹಗ್ಗದ ಮೇಲಿನ ಬಟ್ಟೆ, ಬೇಸಗೆಯಾದರೆ ಒಣಹಾಕಿದ ಹಪ್ಪಳ-ಸಂಡಿಗೆ ಎಲ್ಲವೂ ತುಂತುರಿನ ಅಳವಿನಲ್ಲಿರುತ್ತವೆ. ಹಿಂದಿನ ದಿನವೇ ನೆರೆಯವರಿಗೆ ತಿಳಿಸುವುದು ಸೌಜನ್ಯ ಮಾತ್ರವಲ್ಲ, ಅವರ ಹಕ್ಕು. ಸೊಳ್ಳೆ ಮರಿ ತಿನ್ನಲೆಂದು ಗಪ್ಪಿ ಮೀನು ಬಿಟ್ಟ ತಾವರೆ ತೊಟ್ಟಿಯನ್ನೂ ಮುಚ್ಚಬೇಕು. ಈ ಔಷಧಗಳಲ್ಲಿ ಹಲವು ಮೀನಿಗೆ ಮಾರಕ.

ಗಾಳಿಯಿಲ್ಲದ ಮುಂಜಾನೆ ಅಥವಾ ಜೇನ್ನೊಣಗಳ ಓಡಾಟ ನಿಂತ ಸಂಜೆ ಸಿಂಪಡಣೆಗೆ ತಕ್ಕ ಸಮಯ. ಮಳೆ ಬರುವಂತಿದ್ದರೆ ಬೇಡ. ಪೂರ್ಣ ತೋಳಿನ ಅಂಗಿ, ರಬ್ಬರಿನ ಅಥವಾ ನೈಟ್ರೈಲ್ ಕೈಗವಸು, ಕನ್ನಡಕ, ಮೂಗಿಗೆ ಬಿಗಿಯಾಗಿ ಕೂರುವ ಎನ್-95 ಮುಖಗವಸು ಬೇಕು. ಕರವಸ್ತ್ರ ಕಟ್ಟಿಕೊಂಡರೆ ನವಿರಾದ ತುಂತುರು ತಡೆಯದು. ಅತಿ ಹೆಚ್ಚು ಅಪಾಯವಿರುವುದು ಸಿಂಪಡಿಸುವಾಗಲ್ಲ, ಗಾಢವಾದ ಪುಡಿಯನ್ನು ನೀರಿಗೆ ಕಲಸುವಾಗ ಎಂಬುದನ್ನು ಬಹಳ ಮಂದಿ ಅರಿಯರು. ಎಲೆಯ ಎರಡೂ ಬದಿ ನೆನೆದು, ನೀರು ತೊಟ್ಟಿಕ್ಕುವ ಮೊದಲೇ ನಿಲ್ಲಿಸಬೇಕು. ಒಂದು ದಿನ ಮಕ್ಕಳನ್ನೂ ನಾಯಿ-ಬೆಕ್ಕುಗಳನ್ನೂ ಅತ್ತ ಬಿಡಬಾರದು. ಸಿಂಪಡಿಸುವಾಗ ತೊಟ್ಟ ಬಟ್ಟೆಯನ್ನು ಮನೆಯವರ ಬಟ್ಟೆಯೊಂದಿಗೆ ಬೆರೆಸದೆ ಒಗೆಯಬೇಕು.

ಉಳಿದ ದ್ರಾವಣದ ಹಾದಿ

ಕಲಸಿದ್ದು ಉಳಿದರೆ ಸಿಂಕಿಗೆ ಅಥವಾ ಮನೆ ಮುಂದಿನ ಮೋರಿಗೆ ಸುರಿಯುವುದು ರೂಢಿ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಈ ಭಾಗದ ಬಹುಪಾಲು ಮೋರಿ, ರಾಜಕಾಲುವೆಗಳು ವೃಷಭಾವತಿ ಕಣಿವೆಗೆ ಇಳಿಯುತ್ತವೆ. ಮೈಸೂರು ರಸ್ತೆಯ ಬದಿಯಲ್ಲಿ ಹರಿದು, ಕೆಂಗೇರಿ ದಾಟಿ, ಬಿಡದಿ ಸಮೀಪದ ಬೈರಮಂಗಲ ಕೆರೆ ಸೇರಿ, ಮುಂದೆ ಅರ್ಕಾವತಿಯ ಮೂಲಕ ಕಾವೇರಿಗೆ ಹೋಗುವ ನೀರು ಅದು. ಬೈರಮಂಗಲದ ಸುತ್ತ ಆ ನೀರಿನಿಂದಲೇ ಜೋಳ, ಮೇವು ಬೆಳೆಯುವ ರೈತರಿದ್ದಾರೆ. ಒಂದು ಮನೆಯ ಅರ್ಧ ಲೀಟರ್ ದ್ರಾವಣ ಆ ಕೊಳೆಯಲ್ಲಿ ಎಷ್ಟರದು ಎಂದು ಕೇಳಬಹುದು. ಕೇಳುವ ಮನೆಗಳ ಸಂಖ್ಯೆ ದೊಡ್ಡದು. ಬೇಕಾದಷ್ಟೇ ಕಲಸಬೇಕು. ಉಳಿದದ್ದನ್ನು ಅದೇ ಅಲಂಕಾರಿಕ ಗಿಡಗಳ ಮೇಲೆ ಹಗುರಾಗಿ ಮತ್ತೊಮ್ಮೆ ಸಿಂಪಡಿಸಿ ಮುಗಿಸಬೇಕು. ಸಿಂಪಡಿಸುವ ಬಾಟಲಿಯನ್ನು ಮೂರು ಸಲ ತೊಳೆದ ನೀರಿಗೂ ಇದೇ ಕ್ರಮ. ಖಾಲಿ ಪೊಟ್ಟಣ, ಸೀಸೆಗಳು 2016ರ ಘನತ್ಯಾಜ್ಯ ನಿಯಮಗಳು ಗುರುತಿಸಿದ ಮನೆಬಳಕೆಯ ಅಪಾಯಕಾರಿ ತ್ಯಾಜ್ಯ; ಅವನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಬೆರೆಸದೆ, ಸುತ್ತಿ ಗುರುತು ಮಾಡಿ ಪ್ರತ್ಯೇಕವಾಗಿ ಕೊಡಬೇಕು. ಸುಡಬಾರದು.

ಪದೇಪದೇ ಒಂದೇ ಔಷಧ ಬೇಡ

ಕಾರ್ಬೆಂಡೈಜಿಂ ಶಿಲೀಂಧ್ರದ ಜೀವಕೋಶದಲ್ಲಿ ಒಂದೇ ಒಂದು ಜಾಗಕ್ಕೆ ಪೆಟ್ಟು ಕೊಡುತ್ತದೆ. ಆ ಜಾಗದಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡ ಶಿಲೀಂಧ್ರಕ್ಕೆ ಔಷಧ ತಗಲುವುದಿಲ್ಲ. ಈ ವರ್ಗದ ಔಷಧಗಳು ಬಂದ ಕೆಲವೇ ವರ್ಷಗಳಲ್ಲಿ ಬೂದಿ ರೋಗದ ಶಿಲೀಂಧ್ರ ನಿರೋಧ ಬೆಳೆಸಿಕೊಂಡಿತು. ಹದಿನೈದು ದಿನಕ್ಕೊಮ್ಮೆ ಅದನ್ನೇ ಸಿಂಪಡಿಸುವ ಮನೆಯಲ್ಲಿ 'ಈಗೀಗ ಬಾವಿಸ್ಟಿನ್ ಕೆಲಸ ಮಾಡುತ್ತಿಲ್ಲ' ಎಂಬ ಮಾತು ಕೇಳಿಬಂದರೆ ಆಶ್ಚರ್ಯವಿಲ್ಲ. ಒಂದು ಋತುವಿನಲ್ಲಿ ಎರಡು ಬಾರಿಗಿಂತ ಹೆಚ್ಚು ಒಂದೇ ಗುಂಪಿನ ಅಂತರ್ವ್ಯಾಪಿ ಬೇಡ. ನಡುವೆ ಮ್ಯಾಂಕೋಜೆಬ್ ಅಥವಾ ಗಂಧಕದಂಥ ಸ್ಪರ್ಶ ಔಷಧ ಬರಲಿ. ಮಣ್ಣಿಗೆ ಟ್ರೈಕೋಡರ್ಮಾ ಹಾಕುವವರು ಅದೂ ಒಂದು ಶಿಲೀಂಧ್ರವೆಂದು ನೆನಪಿಡಬೇಕು. ಬೆಳಗ್ಗೆ ಟ್ರೈಕೋಡರ್ಮಾ, ಸಂಜೆ ಕಾರ್ಬೆಂಡೈಜಿಂ ಎಂದರೆ ಬೆಳಗಿನ ದುಡ್ಡು ನೀರುಪಾಲು. ಎರಡರ ನಡುವೆ ಎರಡು ಮೂರು ವಾರಗಳಾದರೂ ಇರಬೇಕು.

ಔಷಧಕ್ಕೆ ಮೊದಲು ಮಾಡಬಹುದಾದದ್ದು ಬಹಳಷ್ಟಿದೆ. ರೋಗದ ಎಲೆಗಳನ್ನು ಕಿತ್ತು, ಉದುರಿದ್ದನ್ನು ಗುಡಿಸಿ ಹಾಕಿದರೆ ಕಪ್ಪು ಚುಕ್ಕೆಯ ಹರಡುವಿಕೆ ಗಣನೀಯವಾಗಿ ತಗ್ಗುತ್ತದೆ. ಸಂಜೆ ಪೈಪು ಹಿಡಿದು ಗಿಡದ ತಲೆಯ ಮೇಲೆ ನೀರು ಹಾಯಿಸುವುದನ್ನು ಬಿಟ್ಟು ಬೆಳಗ್ಗೆ ಬುಡಕ್ಕೆ ಕೊಡಬೇಕು. ಬೂದಿ ರೋಗಕ್ಕೆ ಹಾಲಿನ ನೀರು ಎಂದರೆ ನಗುವವರಿದ್ದಾರೆ. ಆದರೆ ಬ್ರೆಜಿಲ್‌ನ ವಿಜ್ಞಾನಿ ವಾಗ್ನರ್ ಬೆಟ್ಟಿಯೋಲ್ 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ನೀರು ಬೆರೆಸಿದ ಹಾಲು ಕುಂಬಳದ ಜಾತಿಯ ಗಿಡದ ಬೂದಿ ರೋಗವನ್ನು ಹತೋಟಿಗೆ ತಂದಿತ್ತು. ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಮ್ಮೆ, ಬಿಸಿಲಿನ ಬೆಳಗ್ಗೆ ಸಿಂಪಡಿಸಬಹುದು. ತುಳಸಿಯ ಪಕ್ಕದ ಗುಲಾಬಿಗೆ ಇದೇ ಮೊದಲ ಆಯ್ಕೆಯಾಗಲಿ.

ಮೈಮೇಲೆ ಬಿದ್ದರೆ, ಬಾಯಿಗೆ ಹೋದರೆ

ಚರ್ಮಕ್ಕೆ ತಾಗಿದರೆ ಸಾಬೂನು, ಧಾರಾಳ ನೀರು. ಕಣ್ಣಿಗೆ ಬಿದ್ದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ವೈದ್ಯರ ಬಳಿ ಹೋಗಬೇಕು. ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಹಳೆಯ ಪದ್ಧತಿ ಬೇಡ. ಪೊಟ್ಟಣವನ್ನು ಜತೆಗೆ ಒಯ್ಯಬೇಕು. 'ಗಿಡದ ಔಷಧಿ' ಎಂದಷ್ಟೇ ಹೇಳಿದರೆ ಸಾಲದು. ಆರ್ಗನೋಫಾಸ್ಫೇಟ್ ಕೀಟನಾಶಕಗಳ ವಿಷಕ್ಕೆ ಕೊಡುವ ಅಟ್ರೊಪಿನ್ ಈ ಶಿಲೀಂಧ್ರನಾಶಕಗಳಿಗೆ ಪ್ರತಿವಿಷವಲ್ಲ, ಇವುಗಳಿಗೆ ನಿರ್ದಿಷ್ಟ ಪ್ರತಿವಿಷವೂ ಇಲ್ಲ, ಲಕ್ಷಣ ನೋಡಿ ಚಿಕಿತ್ಸೆ ನೀಡಲಾಗುತ್ತದೆ. ಆಂಬುಲೆನ್ಸಿಗೆ 108. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117.

ರೋಗ ಯಾವುದೆಂದು ತಿಳಿಯದಾದಾಗ ಅಂಗಡಿಯವರಿಗಿಂತ ಮೊದಲು ಕೇಳಬಹುದಾದ ಜಾಗಗಳು ನಗರದಲ್ಲಿವೆ: ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾನಿಲಯದ ಸಸ್ಯರೋಗ ವಿಭಾಗ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ, ಲಾಲ್‌ಬಾಗಿನ ತೋಟಗಾರಿಕೆ ಇಲಾಖೆ. ಕಿಸಾನ್ ಕರೆ ಕೇಂದ್ರದ 1800 180 1551ರಲ್ಲಿ ಕನ್ನಡದಲ್ಲೇ ಉತ್ತರ ದೊರೆಯುತ್ತದೆ. ಒಯ್ಯುವಾಗ ಒಣಗಿದ ಎಲೆಯನ್ನಲ್ಲ, ರೋಗ ಈಗಷ್ಟೇ ಆರಂಭವಾದ ಹಸಿ ಎಲೆಗಳನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಕು.